ಕಾಲರಾದ ವಿಷ ಹುಡುಕಿದ ಶಂಭುನಾಥ ಡೇ

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ಊಟದ ಪಂಕ್ತಿಯಲ್ಲಿ ಈ ಸಲ ನನ್ನ ಪಕ್ಕ ಕುಳಿತವರು ಮುಲುಂಡಿನಲ್ಲಿ ಹೋಟೆಲ್ ನಡೆಸುವ ಶೆಟ್ಟರು. ಮುಂಬಯಿಯ ಕಾಲೇಜೊಂದರಲ್ಲಿ ನಾನು 31 ವರ್ಷ ಸೂಕ್ಷ್ಮಜೀವಿ ವಿಜ್ಞಾನ ಕಲಿಸಿದವನು ಎಂಬುದು ಅವರಿಗೆ ಗೊತ್ತು. ಎಲೆಗೆ ಪಲ್ಯ ಬೀಳುವ ಮೊದಲೇ ಕೇಳಿದರು: "ಮಾಷ್ಟ್ರೇ, ನಿನ್ನೆಯದ್ದನ್ನು ಚೆನ್ನಾಗಿ ಕುದಿಸಿದ್ರೆ ಕ್ರಿಮಿ ಎಲ್ಲ ಸಾಯ್ತದಲ್ಲ? ಮತ್ತೆ ಯಾಕೆ ಜನರ ಹೊಟ್ಟೆ ಹಾಳಾಗುದು?"

"ಕ್ರಿಮಿ ಸಾಯ್ತದೆ ಶೆಟ್ರೇ. ಅದು ಬಿಟ್ಟುಹೋದ ವಿಷ ಎಲ್ಲ ಸಲವೂ ಸಾಯೋದಿಲ್ಲ" ಎಂದೆ. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೆ ನಿಂತಿತು.

ಕ್ರಿಮಿ ಬೇರೆ, ಅದು ಉಗುಳುವ ವಿಷ ಬೇರೆ ಎನ್ನುವುದು ಇಂದು ಪಿಯುಸಿ ಮಕ್ಕಳಿಗೂ ತಿಳಿದ ವಿಷಯ. ಆದರೆ ಹೊಟ್ಟೆಯ ಕಾಯಿಲೆಗಳಲ್ಲೆಲ್ಲ ಅತಿ ಘೋರವಾದ ಕಾಲರಾದ ಮಟ್ಟಿಗೆ ಅದನ್ನು ತೋರಿಸಿಕೊಡಲು 1959ರ ವರೆಗೆ ಕಾಯಬೇಕಾಯಿತು. ತೋರಿಸಿಕೊಟ್ಟವರು ಕಲ್ಕತ್ತೆಯ ಡಾಕ್ಟರ್ ಶಂಭುನಾಥ ಡೇ. ಅದೇ ವರ್ಷ ನಮ್ಮ ಪರೇಲಿನಲ್ಲೂ ಒಂದು ತಂಡ ಅದೇ ಬಾಗಿಲನ್ನು ಬೇರೆ ಕಡೆಯಿಂದ ತಟ್ಟಿತ್ತು. ಟಾಟಾ ಆಸ್ಪತ್ರೆಗೆಂದು ಊರಿನಿಂದ ಬಂದವರನ್ನು ಕರೆದುಕೊಂಡು ಆ ರಸ್ತೆಯಲ್ಲಿ ನಾವೆಷ್ಟು ಸಲ ಓಡಾಡಿದ್ದೇವೆ! ಅಲ್ಲೇ ಇರುವ ಹಾಫ್‌ಕಿನ್ ಸಂಸ್ಥೆಯ ಗೇಟಿನ ಒಳಗೆ ಏನಾಗಿತ್ತು ಎಂದು ಮಾತ್ರ ನಮ್ಮಲ್ಲಿ ಬಹಳ ಜನ ಕೇಳಿಲ್ಲ.

ಕಾಲರಾದ ಕ್ರಿಮಿಯನ್ನು ಗುರುತಿಸಿದ ಕೀರ್ತಿ ಜರ್ಮನಿಯ ರಾಬರ್ಟ್ ಕಾಕ್‌ಗೆ ಸಲ್ಲುತ್ತದೆ. ಇಟಲಿಯ ಪಚೀನಿ ಎಂಬವರು 1854ರಲ್ಲೇ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು, ಯಾರೂ ಕಿವಿಗೊಡಲಿಲ್ಲ. ಕಾಕ್ 1883ರ ಕೊನೆಗೆ ಈಜಿಪ್ಟಿನಿಂದ ಕಲ್ಕತ್ತೆಗೆ ಬಂದರು. ಸತ್ತವರ ಕರುಳಿನಲ್ಲಿ, ಜನ ಬಳಸುವ ಕೆರೆಯ ನೀರಿನಲ್ಲಿ ಅಲ್ಪವಿರಾಮದಂತೆ ಬಾಗಿದ ಅದೇ ಜೀವಾಣುವನ್ನು ಕಂಡು 1884ರಲ್ಲಿ ಲೋಕಕ್ಕೆ ಸಾರಿದರು. ಆದರೆ ಒಂದು ತೊಡಕು ಉಳಿಯಿತು. ಈ ಕ್ರಿಮಿಯೇ ಕಾಯಿಲೆ ತರುತ್ತದೆ ಎಂದು ಸಾಧಿಸಬೇಕಾದರೆ ಅದನ್ನು ಪ್ರಾಣಿಗೆ ಕೊಟ್ಟು ಕಾಯಿಲೆ ಬರಿಸಿ ತೋರಿಸಬೇಕು. ಕಾಲರಾ ಮನುಷ್ಯನ ಕಾಯಿಲೆ. ಇಲಿಗೆ ಬಾರದು, ನಾಯಿಗೆ ಬಾರದು, ದೊಡ್ಡ ಮೊಲಕ್ಕೂ ಬಾರದು. ಮ್ಯೂನಿಕ್‌ನ ಪೆಟೆನ್‌ಕೋಫರ್ ಎಂಬ ಹಿರಿಯ ವಿಜ್ಞಾನಿ 'ಕ್ರಿಮಿಯೊಂದರಿಂದಲೇ ಏನೂ ಆಗದು' ಎಂದು ಹಟ ಹಿಡಿದು, 1892ರಲ್ಲಿ ಕಾಲರಾ ಕ್ರಿಮಿಯ ದ್ರವವನ್ನೇ ಕುಡಿದುಬಿಟ್ಟರು. ಒಂದಿಷ್ಟು ಬೇಧಿಯಾಯಿತು, ಬದುಕಿದರು, ತಾನೇ ಗೆದ್ದೆ ಎಂದುಕೊಂಡರು. ವಿಜ್ಞಾನಿಗಳ ಹಟ ನಮ್ಮ ಊರ ಗೌಡರ ಹಟಕ್ಕಿಂತ ಕಡಿಮೆಯದಲ್ಲ.

ಕ್ರಿಮಿಯನ್ನು ರಕ್ತಕ್ಕೋ ಹೊಟ್ಟೆಯ ಪೊರೆಯೊಳಕ್ಕೋ ಚುಚ್ಚಿದರೆ ಪ್ರಾಣಿ ಸಾಯುತ್ತಿತ್ತು ನಿಜ. ಆದರೆ ಬೇಧಿ ಆಗುತ್ತಿರಲಿಲ್ಲ. ಬೇಧಿಯಿಲ್ಲದ ಕಾಲರಾ ಎಂಥ ಕಾಲರಾ? ಅಕ್ಕಚ್ಚಿನಂತೆ ಬೆಳ್ಳಗಿನ ನೀರು, ಕೆಲವೊಮ್ಮೆ ಗಂಟೆಗೆ ಒಂದು ಲೀಟರಿನಷ್ಟು, ಮೈಯಿಂದ ಹರಿದುಹೋಗಿ ಕಣ್ಣು ಗುಳಿಬಿದ್ದು, ಬೆರಳ ತುದಿ ಸುಕ್ಕುಗಟ್ಟಿ, ಬೆಳಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಹೆಣವಾಗುವುದೇ ಕಾಲರಾ. ಹಾಗಿದ್ದರೂ ಪಂಡಿತರು ಮೈತುಂಬ ಹರಡುವ ವಿಷದ ಮಾತನಾಡುತ್ತಿದ್ದರು. ಕರುಳಿನ ಒಳಪೊರೆ ಕಿತ್ತುಹೋಗುವುದರಿಂದ ನೀರು ಸೋರುತ್ತದೆ ಎಂದೂ ನಂಬಿದ್ದರು. ಗಂಟಲಮಾರಿಯ ವಿಷ 1888ರಲ್ಲೇ ಸಿಕ್ಕಿತ್ತು, ಧನುರ್ವಾಯುವಿನ ವಿಷವೂ ಅದರ ಬೆನ್ನಿಗೇ ಸಿಕ್ಕಿತು. ಕಾಲರಾಕ್ಕೂ ಒಂದು ವಿಷ ಇರಬೇಕೆಂದು ಕಾಕ್ ತಾವೇ ಊಹಿಸಿದ್ದರು. ಆದರೂ ಊಹೆ 75 ವರ್ಷ ಊಹೆಯಾಗಿಯೇ ಉಳಿಯಿತು.

ಡೇ ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ತಂದೆಯದು ಸಣ್ಣ ವ್ಯಾಪಾರ, ಅದೂ ಕೈಹತ್ತಲಿಲ್ಲ. ಮನೆಯಲ್ಲಿ ಓದಿದವರೆಂದರೆ ಚಿಕ್ಕಪ್ಪ ಒಬ್ಬರು. ಅವರ ಒತ್ತಾಸೆ, ವಿದ್ಯಾರ್ಥಿವೇತನ, ಪರರ ಮನೆಯ ಆಶ್ರಯ, ಹೀಗೆ ಹುಡುಗ ಕಲ್ಕತ್ತ ಮೆಡಿಕಲ್ ಕಾಲೇಜು ಸೇರಿ 1939ರಲ್ಲಿ ಡಾಕ್ಟರಾದ. ವಾರಾನ್ನದ ಮನೆಗಳಲ್ಲಿ ಉಂಡು ಧಾರವಾಡದಲ್ಲಿ ಓದಿ ಮುಂಬಯಿಗೆ ಬಂದ ನಮ್ಮ ಹಿಂದಿನ ತಲೆಮಾರಿನವರಿಗೆ ಈ ಕಥೆ ಹೊಸದೇನಲ್ಲ. 1947ರಲ್ಲಿ ಲಂಡನ್ನಿಗೆ ಹೋಗಿ ರಾಯ್ ಕ್ಯಾಮರಾನ್ ಎಂಬ ಹೆಸರಾಂತ ರೋಗಶಾಸ್ತ್ರಜ್ಞರ ಕೈಕೆಳಗೆ ಸಂಶೋಧನೆ ಮಾಡಿ, 1949ರಲ್ಲಿ ಪಿಎಚ್‌ಡಿ ಪಡೆದು ಮರಳಿದರು.

ಮರಳಿ ಬಂದ ಕಲ್ಕತ್ತೆ ಎಂಥದು! ದೇಶ ಇಬ್ಭಾಗವಾಗಿ ನಿರಾಶ್ರಿತರು ತುಂಬಿದ್ದ ನಗರ. ಪ್ರತಿ ಬೇಸಿಗೆ ಕಾಲರಾ. ಡೇ ಸೇರಿದ ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ರೋಗಿಗಳಿಗೇನೂ ಬರವಿರಲಿಲ್ಲ. ಬರ ಇದ್ದದ್ದು ಉಪಕರಣಗಳಿಗೆ. ಮೊದಲು ಅವರು ಕಾಲರಾದಿಂದ ಸತ್ತವರ ಮೂತ್ರಪಿಂಡಗಳನ್ನು ಪರೀಕ್ಷಿಸಿದರು. ಅಲ್ಲಿ ಕಂಡ ಹಾನಿಗೆ ಮೈಯ ನೀರು ಬತ್ತಿ ರಕ್ತದ ಓಟ ಕುಂದಿದ್ದೇ ಕಾರಣವಾಗಿ ತೋರಿತು. ಹಾಗಾದರೆ ಈ ಕಾಯಿಲೆಯ ಮೂಲ ರಕ್ತದಲ್ಲಲ್ಲ, ಇಡೀ ಮೈಯಲ್ಲಲ್ಲ, ಕರುಳಿನಲ್ಲಿ. ಕ್ರಿಮಿಯನ್ನು ಇಡಬೇಕಾದ ಜಾಗವೂ ಅದೇ.

ಮುಂದೆ ಮಾಡಿದ ಪ್ರಯೋಗ ಎಷ್ಟು ಸರಳವೆಂದರೆ, ನಾನು ತರಗತಿಯಲ್ಲಿ ಹೇಳಿದಾಗ 'ಇಷ್ಟೇನಾ ಸರ್?' ಎಂದು ಮಕ್ಕಳು ಕೇಳುತ್ತಿದ್ದರು. ಮೊಲಕ್ಕೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಸಣ್ಣ ಕರುಳಿನ ಕೆಲವು ಇಂಚು ಭಾಗವನ್ನು ಎರಡೂ ಕಡೆ ದಾರದಿಂದ ಬಿಗಿದರು. ಒಂದು ಮುಚ್ಚಿದ ಚೀಲದಂತಾಯಿತು. ಅದರೊಳಕ್ಕೆ ಸೂಜಿಯಿಂದ ಕಾಲರಾ ಕ್ರಿಮಿ ಬಿಟ್ಟು, ಹೊಟ್ಟೆ ಹೊಲಿದು, ಒಂದು ದಿನ ಕಾದರು. ಮರುದಿನ ನೋಡಿದರೆ ಆ ಚೀಲ ಊದಿ ಬಿಗಿದಿತ್ತು, ಒಳಗೆ ತುಂಬಿದ್ದು ಅದೇ ಅಕ್ಕಚ್ಚಿನ ನೀರು. ಕ್ರಿಮಿಯಿಲ್ಲದೆ ಕಟ್ಟಿದ ಪಕ್ಕದ ಭಾಗ ಚಪ್ಪಟೆಯಾಗಿ ಹಾಗೆಯೇ ಇತ್ತು. ಒಂದೇ ಮೊಲದಲ್ಲಿ ಪ್ರಯೋಗವೂ ಸಿಕ್ಕಿತು, ತಾಳೆ ನೋಡುವ ಭಾಗವೂ ಸಿಕ್ಕಿತು. ಡಿ.ಎನ್. ಚಟರ್ಜಿಯವರ ಜೊತೆ ಡೇ ಇದನ್ನು 1953ರಲ್ಲಿ ಪ್ರಕಟಿಸಿದರು. ಬೇಕಾಗಿದ್ದು ಒಂದು ಮೊಲ, ಒಂದಿಷ್ಟು ದಾರ, ಒಂದು ಸಿರಿಂಜು. ಎಪ್ಪತ್ತು ವರ್ಷ ಯೂರೋಪಿನ ದೊಡ್ಡ ದೊಡ್ಡ ಪ್ರಯೋಗಾಲಯಗಳಿಗೆ ಸಿಗದೆ ಹೋದದ್ದು ಸಲಕರಣೆಯಲ್ಲ.

ಇಲ್ಲೊಂದು ಸೋಜಿಗವಿದೆ. ಹೆಚ್ಚುಕಡಿಮೆ ಇದೇ ಬಗೆಯ ಪ್ರಯೋಗವನ್ನು ವಿಯೋಲ್ ಮತ್ತು ಕ್ರೆಂಡಿರೊಪುಲೊ ಎಂಬ ಇಬ್ಬರು 1915ರಲ್ಲಿ, ಅಂದರೆ ಡೇ ಹುಟ್ಟಿದ ವರ್ಷವೇ, ಮಾಡಿ ಫ್ರೆಂಚಿನಲ್ಲಿ ಒಂದು ಟಿಪ್ಪಣಿ ಬರೆದಿದ್ದರು. ಅದು ಹಳೆಯ ಸಂಪುಟಗಳಲ್ಲಿ ಹೂತುಹೋಗಿತ್ತು. ಡೇ ತಮ್ಮ ದಾರಿಯಲ್ಲಿ ತಾವೇ ನಡೆದು ಅಲ್ಲಿಗೆ ಮುಟ್ಟಿದರು. ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ದೊಡ್ಡದು.

ಈಗ ಪರೇಲಿಗೆ ಬರೋಣ. ಹಾಫ್‌ಕಿನ್ ಸಂಸ್ಥೆಯಲ್ಲಿ ಎನ್.ಕೆ. ದತ್ತ ಎಂಬ ಔಷಧಶಾಸ್ತ್ರಜ್ಞರು ಕಾಲರಾಕ್ಕೆ ಮದ್ದು ಪರೀಕ್ಷಿಸಲು ಒಂದು ಪ್ರಾಣಿಯನ್ನು ಹುಡುಕುತ್ತಿದ್ದರು. ದೊಡ್ಡ ಮೊಲಕ್ಕೆ ಕಾಲರಾ ಹತ್ತುವುದಿಲ್ಲ, ಆದರೆ ಇನ್ನೂ ಹಾಲು ಕುಡಿಯುವ ಮೊಲದ ಮರಿಗೆ ಹತ್ತುತ್ತದೆ ಎಂದು ದತ್ತ ಮತ್ತು ಎಂ.ಕೆ. ಹಬ್ಬು 1955ರಲ್ಲಿ ತೋರಿಸಿದರು. 1959ರಲ್ಲಿ ದತ್ತ, ಪಾನ್ಸೆ, ಕುಲಕರ್ಣಿ ಮೂವರೂ ಸೇರಿ, ಬದುಕಿರುವ ಕ್ರಿಮಿಯೇ ಬೇಡ, ಕ್ರಿಮಿಯನ್ನು ಒಡೆದು ತೆಗೆದ ಸಾರವನ್ನು ಕುಡಿಸಿದರೂ ಮರಿಗೆ ಬೇಧಿಯಾಗಿ ಸಾಯುತ್ತದೆ ಎಂದು ತೋರಿಸಿದರು. ಹಬ್ಬು, ಕುಲಕರ್ಣಿ ಎಂಬ ಹೆಸರು ಕಂಡಾಗ ನಮ್ಮ ಕಡೆಯವರ ಕಿವಿ ನೆಟ್ಟಗಾಗುವುದು ಸಹಜ. ಆದರೆ ಆ ಸಂಶೋಧನೆಯ ಊರು ಮುಂಬಯಿ, ಅಷ್ಟು ಸಾಕು ನಮಗೆ ಹೆಮ್ಮೆ ಪಡಲು.

ಅದೇ 1959ರ ಮೇ 30ರ 'ನೇಚರ್' ಪತ್ರಿಕೆಯಲ್ಲಿ ಡೇ ಅವರದೊಂದು ಪುಟ್ಟ ಬರಹ ಬಂತು. ಅದಕ್ಕೆ ಸಹಲೇಖಕರಿಲ್ಲ, ಒಬ್ಬರದೇ ಹೆಸರು. ಈ ಸಲ ಅವರು ಕಾಲರಾ ಕ್ರಿಮಿಯನ್ನು ದ್ರವದಲ್ಲಿ ಬೆಳೆಸಿ, ಒಂದು ಕ್ರಿಮಿಯೂ ಉಳಿಯದಂತೆ ಆ ದ್ರವವನ್ನು ಸೋಸಿದ್ದರು. ಬರೀ ಸೋಸಿದ ನೀರನ್ನು ಮೊಲದ ಕಟ್ಟಿದ ಕರುಳಿಗೆ ಬಿಟ್ಟರೂ ಚೀಲ ತುಂಬಿತು. ಕ್ರಿಮಿಯನ್ನು ಒಡೆಯಬೇಕಾಗಿಲ್ಲ, ಕೊಲ್ಲಬೇಕಾಗಿಲ್ಲ; ಅದು ಬದುಕಿದ್ದಾಗಲೇ ಒಂದು ವಿಷವನ್ನು ಹೊರಕ್ಕೆ ಬಿಡುತ್ತದೆ, ಆ ವಿಷ ಕರುಳಿನ ಗೋಡೆಯ ಮೇಲೆ ಕೆಲಸ ಮಾಡುತ್ತದೆ, ಉಳಿದ ಅನಾಹುತವೆಲ್ಲ ಅದರ ಫಲ. ಮರುವರ್ಷ ಅಮೆರಿಕದ ಗ್ಯಾಂಗರೋಸ ಮತ್ತು ಸಂಗಡಿಗರು ಬ್ಯಾಂಕಾಕಿನ ರೋಗಿಗಳ ಕರುಳಿನ ಚೂರನ್ನು ತೆಗೆದು ನೋಡಿದರೆ ಒಳಪೊರೆ ಕಿತ್ತುಹೋಗಿರಲಿಲ್ಲ, ಗಟ್ಟಿಯಾಗಿಯೇ ಇತ್ತು. ಗೋಡೆ ಒಡೆದು ನೀರು ಸೋರಿದ್ದಲ್ಲ, ಗೋಡೆಯಲ್ಲಿದ್ದ ನಲ್ಲಿಯನ್ನು ಯಾರೋ ತಿರುಗಿಸಿ ಬಿಟ್ಟುಹೋದಂತೆ ಆಗಿತ್ತು.

ನಲ್ಲಿ ಹೇಗೆ ತಿರುಗಿತು ಎನ್ನುವುದು ಆಮೇಲೆ ಒಂದೊಂದಾಗಿ ತಿಳಿಯಿತು. 1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೀನ್ ಮತ್ತು ಲೊಸ್ಪಲ್ಲುಟೊ ಆ ವಿಷವನ್ನು ಶುದ್ಧ ರೂಪದಲ್ಲಿ ತೆಗೆದರು. ಅದರಲ್ಲಿ ಎರಡು ಬಗೆಯ ತುಂಡುಗಳಿವೆ. ಐದು ತುಂಡು ಸೇರಿ ಕರುಳಿನ ಜೀವಕೋಶಕ್ಕೆ ಅಂಟಿಕೊಳ್ಳುತ್ತವೆ, ಆರನೆಯದು ಒಳಹೊಕ್ಕು ಲವಣ ಮತ್ತು ನೀರನ್ನು ಹೊರಕ್ಕೆ ಬಿಡುವ ವ್ಯವಸ್ಥೆಯನ್ನು ಚಾಲೂ ಮಾಡಿ, ಬಂದ್ ಆಗದಂತೆ ಹಿಡಿದಿಡುತ್ತದೆ.

ಡೇ ಅವರ ಇನ್ನೊಂದು ಕೆಲಸ ಇದಕ್ಕಿಂತ ಕಡಿಮೆ ಪ್ರಸಿದ್ಧ, ನನ್ನ ಎಣಿಕೆಯಲ್ಲಿ ಕಡಿಮೆ ಮಹತ್ವದ್ದಲ್ಲ. ನಮ್ಮ ಕರುಳಿನಲ್ಲಿ ಸಾಧುವಾಗಿ ಬಾಳುವ ಇ-ಕೋಲೈ ಎಂಬ ಜೀವಾಣುವಿನ ಕೆಲವು ತಳಿಗಳೂ ಮೊಲದ ಕರುಳನ್ನು ಹೀಗೆಯೇ ಉಬ್ಬಿಸುತ್ತವೆ ಎಂದು 1956ರಲ್ಲೇ ಅವರು ತೋರಿಸಿದರು. ಬೇಧಿಯಾದವರ ಮಲದಿಂದ ತೆಗೆದ ತಳಿಗಳು ಅವು. ಅವೂ ವಿಷ ಉಗುಳುತ್ತವೆ, ಅವುಗಳಲ್ಲೊಂದು ವಿಷ ಕಾಲರಾದ ವಿಷಕ್ಕೆ ಅಣ್ಣತಮ್ಮನಷ್ಟು ಹತ್ತಿರ ಎಂದು ಆಮೇಲೆ ಗೊತ್ತಾಯಿತು. ಮೇ ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋದ ಎರಡನೇ ದಿನ ಅವರ ಹೊಟ್ಟೆ ಕೆಟ್ಟು 'ನೀರು ಬದಲಾಯ್ತು' ಎನ್ನುತ್ತೇವಲ್ಲ, ಆ ಬದಲಾದ ನೀರಿನಲ್ಲಿ ಹೆಚ್ಚಿನ ಸಲ ಇರುವ ಆಸಾಮಿ ಇವನೇ. ಲೋಕದಾದ್ಯಂತ ಪ್ರವಾಸಿಗರ ಬೇಧಿಗೆ ಮೊದಲ ಕಾರಣ ಈ ತಳಿಗಳು.

ಶೆಟ್ಟರ ಪ್ರಶ್ನೆಗೆ ಈಗ ಸರಿಯಾದ ಉತ್ತರ ಕೊಡಬಹುದು. ಅಡುಗೆಮನೆಯ ಲೆಕ್ಕದಲ್ಲಿ ಕ್ರಿಮಿಗಳದು ಎರಡು ಗುಂಪು. ಒಂದು, ಹೊಟ್ಟೆಯೊಳಗೆ ಹೋದ ಮೇಲೆ ವಿಷ ಮಾಡುವವು. ಕಾಲರಾ ಮತ್ತು ಈ ಇ-ಕೋಲೈ ಆ ಗುಂಪಿನವು. ಕುದಿಸಿದರೆ ಸಾಯುತ್ತವೆ, ಅಲ್ಲಿಗೆ ಮುಗಿಯಿತು. ಇನ್ನೊಂದು ಗುಂಪಿನವು ಪಾತ್ರೆಯಲ್ಲೇ ವಿಷ ಮಾಡಿಟ್ಟಿರುತ್ತವೆ. ಮಾಡುವವನ ಕೈಯ ಗಾಯದಲ್ಲಿ, ಮೂಗಿನಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಖೋವಾ, ಪೇಡೆ, ಕೆನೆಗಳಿಗೆ ಸೇರಿ ಬೆಚ್ಚಗೆ ಕೂತರೆ ಬಿಡುವ ವಿಷ ಅರ್ಧ ಗಂಟೆ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ದು ಇನ್ನೂ ವಿಚಿತ್ರ. ಅದರ ಬೀಜಕಗಳು ಅನ್ನ ಬೇಯುವಾಗ ಸಾಯುವುದಿಲ್ಲ, ಬದಲಿಗೆ ಎಚ್ಚರವಾಗುತ್ತವೆ. ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಒಲೆಯ ಪಕ್ಕ ಬಿಟ್ಟರೆ ಬೆಳೆದು ವಿಷ ಮಾಡುತ್ತವೆ. ಆ ವಿಷ ಪ್ರೆಷರ್ ಕುಕ್ಕರಿಗೂ ಜಗ್ಗುವುದಿಲ್ಲ. 1971ರಲ್ಲಿ ಇಂಗ್ಲೆಂಡಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್‌ನಲ್ಲಿ ಇದು ಮೊದಲು ಸಿಕ್ಕಿಬಿತ್ತು. ಮುಂಬಯಿಯ ಉಡುಪಿ ಹೋಟೆಲುಗಳ ಮೆನು ಕಾರ್ಡಿನಲ್ಲಿ ಇಡ್ಲಿಯ ಕೆಳಗೇ ಷೆಜ್ವಾನ್ ರೈಸ್ ಬಂದು ಎಷ್ಟೋ ಕಾಲವಾಯಿತು. ಮನೆಯಲ್ಲಿ ರಾತ್ರಿಯ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡದ ಕನ್ನಡಿಗರೂ ಇಲ್ಲ. ಬೇಡ ಎನ್ನುವುದಿಲ್ಲ, ನಾನೂ ತಿನ್ನುತ್ತೇನೆ. ಆದರೆ ಉಳಿದ ಅನ್ನವನ್ನು ರಾತ್ರಿಯೇ ತಟ್ಟೆಯಲ್ಲಿ ಹರಡಿ, ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಹೋಟೆಲಿನಲ್ಲಾದರೆ ಬಿಸಿಯದು 60 ಡಿಗ್ರಿಗಿಂತ ಮೇಲೆ ಇರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ. ನಡುವೆ ಇರುವುದೆಲ್ಲ ಕ್ರಿಮಿಗಳ ಹೊಲ.

ಕಾಲರಾ ಬರೀ ನೀರಿನ ಕಾಯಿಲೆ ಎಂದು ತಿಳಿದವರೇ ಹೆಚ್ಚು. ಬೇಯಿಸಿದ ಅನ್ನಕ್ಕೆ ಕೊಳಕು ಕೈಯೋ ನೀರೋ ತಗುಲಿದರೆ ಕಾಲರಾ ಕ್ರಿಮಿ ಅದರಲ್ಲಿ ಹುಲುಸಾಗಿ ಬೆಳೆಯುತ್ತದೆ. ಬರೀ ನೀರಿನಲ್ಲಿ ಹೋದ ಕ್ರಿಮಿ ಜಠರದ ಆಮ್ಲಕ್ಕೆ ಸಿಕ್ಕಿ ಬಹುಪಾಲು ಸಾಯುತ್ತದೆ. ಊಟದೊಂದಿಗೆ ಹೋದದ್ದಕ್ಕೆ ಆ ಊಟವೇ ಕಂಬಳಿ. ಹುಳಿಯನ್ನು ಮಾತ್ರ ಅದು ಸಹಿಸದು. 1986ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ಕಾಲರಾ ಬಂದಾಗ, ಅನ್ನಕ್ಕೆ ಉಳಿದ ಶೇಂಗಾ ಸಾರು ಹಾಕಿಕೊಂಡು ಉಂಡವರು ಹೆಚ್ಚು ಬಿದ್ದರು, ಟೊಮೆಟೊ ಸಾರಿನವರು ಕಡಿಮೆ. ಹುಣಸೆಹಣ್ಣು, ಮಜ್ಜಿಗೆಯ ನಮ್ಮ ಅಡುಗೆಗೆ ಇದೊಂದು ಸಮಾಧಾನ. ಹಾಗೆಂದು ಸಾರಿಗೆ ಹುಳಿ ಹಿಂಡಿ ಕೈ ತೊಳೆಯದೆ ಬಡಿಸಬೇಡಿ.

ನನಗೆ ಈ ವಿಷಯದಲ್ಲಿ ಇಷ್ಟೇಕೆ ಆಸ್ಥೆ ಎಂದು ಕೇಳಬಹುದು. ನಮ್ಮದು ಬಿಜಾಪುರ ಜಿಲ್ಲೆಯ ಇಂಡಿ ಕಡೆಯ ಹಳ್ಳಿ. ಅಲ್ಲಿಂದ ಪಂಢರಪುರ ದೂರವಲ್ಲ. ಆಷಾಢದ ಯಾತ್ರೆ ಮುಗಿಸಿ ಬಂದವರ ಹಿಂದೆ ಕಾಲರಾವೂ ಬರುತ್ತಿದ್ದ ಕಾಲ ಒಂದಿತ್ತು. ನಮ್ಮಪ್ಪನ ಅಣ್ಣ ಹಾಗೆಯೇ ಹೋದರು, ಹದಿನೇಳರ ಹುಡುಗ. ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಅದನ್ನು ಹೇಳುವಾಗಲೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದಳು: "ನೀರು ನೀರು ಅಂತ ಬಾಯಿ ಬಾಯಿ ಬಿಟ್ಟಾ. ಕೊಟ್ರ ಮತ್ತ ಹರೀತೈತಿ ಅಂತ ಹಿರ್‍ಯಾರು ಕೊಡಗೊಡಲಿಲ್ಲ." ಬೇಧಿ ನಿಲ್ಲಬೇಕಾದರೆ ನೀರು ನಿಲ್ಲಿಸಬೇಕು ಎಂಬುದು ಆಗಿನ ತಿಳಿವಳಿಕೆ. ಹಳ್ಳಿಯದಷ್ಟೇ ಅಲ್ಲ, ಎಷ್ಟೋ ವೈದ್ಯರದೂ. ಕರುಳು ಹಾಳಾಗಿದೆ, ಅದಕ್ಕೆ ವಿಶ್ರಾಂತಿ ಕೊಡಿ ಎನ್ನುತ್ತಿದ್ದರು. ಊರು ದ್ಯಾಮವ್ವನಿಗೆ ಹರಕೆ ಹೊತ್ತಿತು. ಆ ಹುಡುಗ ಬಾಯಾರಿಕೆಯಲ್ಲೇ ಸತ್ತ.

ಕರುಳಿನ ಗೋಡೆ ಹಾಳಾಗಿಲ್ಲ, ಒಂದು ನಲ್ಲಿ ಮಾತ್ರ ತೆರೆದುಕೊಂಡಿದೆ ಎಂದಾದರೆ ಲೆಕ್ಕವೇ ಬದಲಾಗುತ್ತದೆ. ಆ ಗೋಡೆಯಲ್ಲಿ ಇನ್ನೊಂದು ಬಾಗಿಲೂ ಇದೆ. ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಬಂದರೆ ಅದು ತೆರೆದು ಇಬ್ಬರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಬೆನ್ನಿಗೆ ನೀರೂ ಒಳಬರುತ್ತದೆ. ಕಾಲರಾದ ವಿಷಕ್ಕೆ ಈ ಬಾಗಿಲನ್ನು ಮುಚ್ಚಲು ಆಗುವುದಿಲ್ಲ. ಓಆರ್‌ಎಸ್ ನಿಂತಿರುವುದು ಇಷ್ಟರ ಮೇಲೆ. ಡೇ ಓಆರ್‌ಎಸ್ ಕಂಡುಹಿಡಿಯಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಅದಕ್ಕೆ ಬೇರೆ ಬೇರೆ ಕೈಗಳು ದುಡಿದಿವೆ. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಬಾಯಿಯ ಮೂಲಕ ಉಪ್ಪು-ಗ್ಲೂಕೋಸ್ ನೀರು ಕೊಟ್ಟು ರೋಗಿಗಳನ್ನು ಉಳಿಸಿದ್ದರು. 1968ರಲ್ಲಿ ಢಾಕಾದಲ್ಲಿ ನಲಿನ್ ಮತ್ತು ಕ್ಯಾಶ್ ಅದನ್ನು ಕರಾರುವಾಕ್ಕಾಗಿ ಸಾಧಿಸಿದರು. ಆದರೆ ಕರುಳು ಕೆಲಸ ಮಾಡಬಲ್ಲದು, ಅದನ್ನು ನಂಬಬಹುದು ಎಂಬ ಧೈರ್ಯಕ್ಕೆ ಡೇ ಅವರ ಮೊಲಗಳ ಪಾಲು ದೊಡ್ಡದು ಎಂದೇ ನಾನು ಮಕ್ಕಳಿಗೆ ಹೇಳುತ್ತಿದ್ದೆ.

1971ರಲ್ಲಿ ಅದರ ಪರೀಕ್ಷೆ ನಡೆಯಿತು. ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿಯ ಬನಗಾಂವ್‌ನಲ್ಲಿ ಸಾವಿರಗಟ್ಟಲೆ ಬಿದ್ದಿದ್ದರು, ಆಸ್ಪತ್ರೆಯ ನೆಲದ ಮೇಲೆ ವಾಂತಿಭೇದಿಯ ನಡುವೆ ರೋಗಿಗಳು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಲೀಟರ್ ನೀರಿಗೆ ಎಂಬ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಅಕ್ಕ ತಂಗಿ ತಾಯಂದಿರ ಕೈಗೇ ಲೋಟ ಕೊಟ್ಟರು. ನೂರಕ್ಕೆ 30ರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ. ನಮ್ಮ ದೇಶದಲ್ಲಿ ಪ್ರಶಸ್ತಿಗಳಿಗೆ ಲೋಕಲ್ ಟ್ರೇನಿನ ಅವಸರವಿಲ್ಲ.

ಮನೆಯಲ್ಲಿ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸವಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಅದಕ್ಕೇ ಅಳತೆ ಚಮಚದಿಂದಲೇ ಆಗಬೇಕು, ಅಂದಾಜಿನ ಚಿಟಿಕೆಯಿಂದ ಬೇಡ. ಉಪ್ಪು ಹಾಕಿದ ಗಂಜಿಯೂ ಇದೇ ಕೆಲಸ ಮಾಡುತ್ತದೆ, ಅನ್ನದ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಸಕ್ಕರೆಯಾಗುತ್ತದೆ. ಮಗುವಿಗೆ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಂಕಾದರೆ ಇದನ್ನು ಕುಡಿಸುತ್ತಲೇ ಆಸ್ಪತ್ರೆಗೆ ಓಡಬೇಕು.

ಶಂಭುನಾಥ ಡೇ ಅವರಿಗೆ ಏನು ಸಿಕ್ಕಿತು? 1955ರಿಂದ ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದರು, 1973ರಲ್ಲಿ ನಿವೃತ್ತರಾದರು. ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಿಕೊಳ್ಳಲಿಲ್ಲ, ಯಾವ ದೊಡ್ಡ ಪ್ರಶಸ್ತಿಯೂ ಬರಲಿಲ್ಲ. ಅವರ ಬರಹದ ಬೆಲೆ ಜಗತ್ತಿಗೆ ತಿಳಿಯುವುದಕ್ಕೂ ಕೆಲವು ವರ್ಷ ಹಿಡಿದವು, ಆದರೆ ಕೊನೆಗೂ ತಿಳಿಯಿತು. 1978ರಲ್ಲಿ ನೊಬೆಲ್ ಪ್ರತಿಷ್ಠಾನ ಕಾಲರಾ ಕುರಿತು ವಿಚಾರಸಂಕಿರಣ ನಡೆಸಿದಾಗ ಅವರನ್ನು ಸ್ವೀಡನ್ನಿಗೆ ಕರೆಸಿತು. ತಾನು 1960ರ ದಶಕದ ಆರಂಭದಲ್ಲೇ ಸತ್ತಿದ್ದೆ, ನೀವು ಅಗೆದು ಹೊರತೆಗೆದಿರಿ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಅದರಲ್ಲಿ ಹಾಸ್ಯವೆಷ್ಟು, ನೋವೆಷ್ಟು ಎಂದು ಬಿಡಿಸುವುದು ಕಷ್ಟ. 1985ರ ಏಪ್ರಿಲ್ 15ರಂದು ತೀರಿಕೊಂಡರು.

ಆಮೇಲೆ ಐದು ವರ್ಷಕ್ಕೆ, 1990ರಲ್ಲಿ, ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರ ಬಗ್ಗೆ ವಿಶೇಷ ಸಂಚಿಕೆಯನ್ನೇ ತಂದಿತು. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ತಾವು ಡೇ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಸಲ ನೊಬೆಲ್‌ಗೆ ಸೂಚಿಸಿದ್ದಾಗಿ ಅದರಲ್ಲಿ ಬರೆದರು. ನಮ್ಮವರು ಮಾಡಿದ ಉಪೇಕ್ಷೆಯನ್ನು ಬಯ್ದು ಬರೆದವರು ನಮ್ಮವರೇ, ಬೆಂಗಳೂರಿನ ಪಿ. ಬಲರಾಂ. ಆ ಸಂಚಿಕೆ ನಮ್ಮ ಕಾಲೇಜಿನ ಲೈಬ್ರರಿಗೂ ಬಂದಿತ್ತು. ಪಠ್ಯದಲ್ಲಿ ಕಾಕ್‌ಗೆ ಎರಡು ಪುಟ, ಡೇಗೆ ಅರ್ಧ ಸಾಲು ಇದ್ದ ಆ ದಿನಗಳಲ್ಲಿ ನಾನು ಅದರ ಜೆರಾಕ್ಸ್ ತೆಗೆಸಿ ತರಗತಿಯಲ್ಲಿ ಹಂಚಿದೆ. ಪರೀಕ್ಷೆಗೆ ಬರುತ್ತದಾ ಎಂದು ಕೇಳಿದವರೇ ಹೆಚ್ಚು.

ಡೇ ಅವರ ಮೊಲದ ಪ್ರಯೋಗ ಬಂದು 70 ವರ್ಷ ದಾಟಿತು. ಈ ನಡುವೆ ಕಾಲರಾದ ಹೊಸ ತಳಿ 1992ರಲ್ಲಿ ಮದ್ರಾಸಿನಲ್ಲಿ ಕಾಣಿಸಿಕೊಂಡು ಹೆದರಿಸಿತು. ಹೈದರಾಬಾದಿನ ಕಂಪನಿಗಳು ಬಾಯಿಗೆ ಹಾಕುವ ಲಸಿಕೆ ಮಾಡಿ ಜಗತ್ತಿಗೆ ಕೊಟ್ಟವು. ವಿಷದ ಒಂದೊಂದು ಅಣುವೂ ಎಲ್ಲಿ ಕೂರುತ್ತದೆ ಎಂದು ಇಂದು ಚಿತ್ರ ಬರೆದು ತೋರಿಸಬಹುದು. ಆದರೂ 2022ರ ಬೇಸಿಗೆಯಲ್ಲಿ ರಾಯಚೂರಿನಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಮತ್ತೆ ಅದೇ, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅಲ್ಲಿ ಬೇಕಾಗಿದ್ದು ಹೊಸ ಸಂಶೋಧನೆಯಲ್ಲ. ಚರಂಡಿಯಿಂದ ದೂರ ಹಾಕಿದ ಪೈಪು, ತೊಳೆದ ಟ್ಯಾಂಕು, ದಿನಾ ಬೆಳಗ್ಗೆ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆದಿಡುವ ಒಬ್ಬ ವಾಟರ್‌ಮನ್. ಅವನಿಗೆ ಪ್ರತಿ ತಿಂಗಳು ಸಂಬಳ.